ಪ್ರೊಜೆಕ್ಟರ್ ತರೋಕೂ ಮುಂಚೆ ಮ್ಯೂಸಿಯಂನ ರಿಜಿಸ್ಟರ್ ಡಿಜಿಟಲ್ ಆಗ್ಲಿ

ಈಗ ಯಾವ ಹೊಸ ಮ್ಯೂಸಿಯಂ ಸುದ್ದಿ ಓದಿದ್ರೂ ಅದ್ರಲ್ಲಿ ವಿಆರ್ ಹೆಡ್‌ಸೆಟ್, ಹೊಲೊಗ್ರಾಮ್, ಟಚ್ ಸ್ಕ್ರೀನ್, ಪ್ರೊಜೆಕ್ಷನ್ ಮ್ಯಾಪಿಂಗ್, ಇತ್ತೀಚೆಗೆ ಎಐ ಗೈಡ್, ಇಷ್ಟು ಇದ್ದೇ ಇರುತ್ತೆ, ಓದಿದವರಿಗೆ ಪ್ರದರ್ಶನಗಳಲ್ಲಿ ಡಿಜಿಟಲ್ ಅಂದ್ರೆ ಗೋಡೆ ತುಂಬ ಬೆಳಕು ಬಿಡೋದು ಅಂತ್ಲೇ ಅನ್ಸುತ್ತೆ. ಪ್ಯಾರಿಸ್‌ನಲ್ಲಿ 2018ರಲ್ಲಿ ಒಂದು ಹಳೇ ಎರಕದ ಕಾರ್ಖಾನೆ ಒಳಗೆ ಅತೆಲಿಯೆ ದೆ ಲ್ಯೂಮಿಯೇರ್ ಅನ್ನೋ ಜಾಗ ಶುರುವಾಯ್ತು, ಮೊದಲು ಕ್ಲಿಮ್ಟ್, ಆಮೇಲೆ ವ್ಯಾನ್ ಗೋ ಅನ್ನೋ ಚಿತ್ರಕಾರರ ಕೃತಿಗಳು, ನೆಲ ಗೋಡೆ ಎಲ್ಲ ಕಡೆ ಚಿತ್ರ ಓಡಾಡುತ್ತೆ, ಜೊತೆಗೆ ಸಂಗೀತ. ಅದೇ ಮಾದರಿ ಪ್ರಪಂಚ ಎಲ್ಲ ಸುತ್ತಿ ಬೆಂಗಳೂರಿಗೂ ಬಂತು. ಅಮೆರಿಕ, ಕೆನಡಾದಲ್ಲಿ ಇಂಥ ವ್ಯಾನ್ ಗೋ ಶೋಗಳನ್ನ ಊರೂರಿಗೆ ಒಯ್ದ ಲೈಟ್‌ಹೌಸ್ ಇಮ್ಮರ್ಸಿವ್ ಅನ್ನೋ ಕಂಪನಿ 2023ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕ್ತು.

ಆ ಶೋಗಳನ್ನ ನೋಡಿ ಖುಷಿ ಪಟ್ಟವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ಮಕ್ಕಳು ಬಣ್ಣದ ಮಧ್ಯೆ ಓಡಾಡಿದ್ರೆ ಒಳ್ಳೇದೇ. ನನ್ನ ಚಿಂತೆ ಬೇರೆ. ಅಲ್ಲಿ ಮೂಲ ಕೃತಿ ಒಂದೂ ಇರಲ್ಲ, ಹಾಗಾಗಿ ಕಾಪಾಡೋ ಜವಾಬ್ದಾರಿನೂ ಇರಲ್ಲ, ಅದನ್ನೇ ಮಾದರಿ ಅಂದುಕೊಂಡು ನಮ್ಮ ಸರ್ಕಾರಿ ಮ್ಯೂಸಿಯಂಗಳು, ಮಠಗಳು, ವಿಶ್ವವಿದ್ಯಾಲಯದ ಸಂಗ್ರಹಾಲಯಗಳು ಇರೋ ಅಷ್ಟಿಷ್ಟು ದುಡ್ಡನ್ನೂ ಪ್ರೊಜೆಕ್ಟರ್‌ಗೆ ಹಾಕಿಬಿಟ್ರೆ ಒಳಗೆ ಕೋಣೆಯಲ್ಲಿ ಧೂಳು ಹಿಡಿತಾ ಇರೋ ಓಲೆಗರಿ, ಜಲವರ್ಣ ಚಿತ್ರ, ತೊಗಲುಬೊಂಬೆ ಇವುಗಳ ಗತಿ ಏನು? ಡಿಜಿಟಲ್ ಸಾಧನಗಳು ಕ್ಯುರೇಟರ್‌ಗೆ, ಅಂದ್ರೆ ಸಂಗ್ರಹ ನೋಡಿಕೊಂಡು ಪ್ರದರ್ಶನ ಕಟ್ಟೋರಿಗೆ, ನಿಜವಾಗಿ ಉಪಕಾರ ಮಾಡೋದು ಪ್ರೇಕ್ಷಕರ ಕಣ್ಣಿಗೆ ಬೀಳದ ಕೆಲಸದಲ್ಲಿ. ರಿಜಿಸ್ಟರ್‌ನಲ್ಲಿ, ಅಂದ್ರೆ ವಸ್ತುಗಳ ಪಟ್ಟಿಯಲ್ಲಿ, ದಾಖಲೆ ಮಾಡೋದು, ಅಳೆಯೋದು, ಓದೋದು, ಹೋಲಿಸೋದು. ಅದು ಮೊದಲು ಆಗ್ಬೇಕು, ಕನ್ನಡದಲ್ಲಿ ಆಗ್ಬೇಕು. ಗೋಡೆ ಮೇಲಿನ ಬೆಳಕು ಆಮೇಲೆ.

ಪ್ರದರ್ಶನ ಕಟ್ಟೋ ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಹೊರಗಿನವರಿಗೆ ಇದು ಕಾಣೋದೇ ಇಲ್ಲ. ಒಂದು ಹಾಲ್, ನಲವತ್ತು ಚಿತ್ರ ಅಂದುಕೊಳ್ಳಿ. ಕ್ಯುರೇಟರ್ ಈಗ ಆ ಹಾಲನ್ನ ಸ್ಕೆಚ್‌ಅಪ್ ಥರದ ಸಾಫ್ಟ್‌ವೇರ್‌ನಲ್ಲಿ ಅಳತೆ ಸಮೇತ ಕಟ್ಟಿಕೊಳ್ತಾರೆ, ಪ್ರತಿ ಚಿತ್ರದ ಫೋಟೋನ ಅದರ ನಿಜವಾದ ಉದ್ದ ಅಗಲಕ್ಕೆ ಇಟ್ಟು ನೋಡ್ತಾರೆ. ಚಿತ್ರದ ಮಧ್ಯಬಿಂದು ಸಾಮಾನ್ಯವಾಗಿ ನೆಲದಿಂದ 145ರಿಂದ 155 ಸೆಂ.ಮೀ. ಎತ್ತರದಲ್ಲಿ ಬರೋ ಹಾಗೆ ತೂಗಿಹಾಕ್ತಾರೆ. ವೀಲ್‌ಚೇರ್‌ನಲ್ಲಿ ಬರೋರಿಗೆ ಅದು ಕಾಣುತ್ತಾ, ಶಾಲೆ ಮಕ್ಕಳ ಗುಂಪು ಬಂದ್ರೆ ನಿಲ್ಲೋಕೆ ಜಾಗ ಇದ್ಯಾ, ಎಲ್ಲ ಪರದೆ ಮೇಲೇ ಗೊತ್ತಾಗುತ್ತೆ. ಮೊದಲು ಇದನ್ನ ಕಾಗದದ ತುಂಡುಗಳನ್ನ ಕತ್ತರಿಸಿ ನೆಲದ ಮೇಲೆ ಜೋಡಿಸಿ ಮಾಡ್ತಿದ್ರು, ನಾಜೂಕಾದ ಮೂಲ ಚಿತ್ರಗಳನ್ನ ಹತ್ತು ಸಲ ಆ ಕಡೆ ಈ ಕಡೆ ಎತ್ತಿ ಇಡ್ತಿದ್ರು. ಆ ಎತ್ತಾಟ ತಪ್ಪೋದೇ ದೊಡ್ಡ ಲಾಭ, ಮ್ಯೂಸಿಯಂ ವಸ್ತುಗಳಿಗೆ ಪೆಟ್ಟಾಗೋದು ಬಹಳ ಸಲ ಜಾಗ ಬದಲಾಯಿಸುವಾಗಲೇ.

ಇನ್ನು ಬೆಳಕಿನ ಲೆಕ್ಕ, ಅದನ್ನ ಅಳೆಯೋದು ಲಕ್ಸ್ ಅನ್ನೋ ಮಾನದಲ್ಲಿ. ಕಾಗದದ ಮೇಲಿನ ಜಲವರ್ಣ, ಬಟ್ಟೆ, ಹಳೇ ಫೋಟೋ ಇವಕ್ಕೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಕೂಡದು ಅನ್ನೋದು ಜಗತ್ತಿನ ಮ್ಯೂಸಿಯಂಗಳು ಹೆಚ್ಚುಕಮ್ಮಿ ಒಪ್ಪಿಕೊಂಡಿರೋ ಮಿತಿ, ತೈಲವರ್ಣಕ್ಕೆ 200ರ ತನಕ ಪರವಾಗಿಲ್ಲ. ಬೆಳಕಿನಿಂದ ಆಗೋ ಹಾನಿ ಕೂಡ್ತಾ ಹೋಗುತ್ತೆ, ವಾಪಸ್ ಬರಲ್ಲ. 50 ಲಕ್ಸ್‌ನಲ್ಲೇ ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಇಟ್ರೆ 1,20,000 ಲಕ್ಸ್-ಗಂಟೆ ಆಯ್ತು. ಅದಕ್ಕೇ ಒಳ್ಳೆ ಮ್ಯೂಸಿಯಂಗಳು ಜಲವರ್ಣನ ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲೆ ಕೋಣೆಗೆ ಕಳಿಸ್ತಾರೆ. ಯಾವ ಚಿತ್ರ ಎಷ್ಟು ದಿನ ಎಷ್ಟು ಬೆಳಕಲ್ಲಿತ್ತು, ಆಗ ತೇವಾಂಶ ಎಷ್ಟಿತ್ತು ಅನ್ನೋದನ್ನ ಒಂದು ಸಣ್ಣ ಡೇಟಾ ಲಾಗರ್ ತಾನೇ ಬರ್ಕೊಂಡು ಹೋಗುತ್ತೆ. ನೋಡೋಕೆ ಏನೂ ಚೆಂದ ಇಲ್ಲ, ಆದ್ರೆ ಚಿತ್ರದ ಆಯುಷ್ಯ ಅದರ ಮೇಲೆ ನಿಂತಿದೆ.

ಇಲ್ಲಿ ನಮ್ಮವರೇ ಒಬ್ಬರ ಉದಾಹರಣೆ ತಗೊಳ್ಳೋಣ, ಕೆ. ವೆಂಕಟಪ್ಪ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ರ ಕಲಿತು ಬಂದ ಮೈಸೂರು ಸಂಸ್ಥಾನದ ಕಲಾವಿದ, ಊಟಿ ಕೊಡೈಕನಾಲ್ ಗುಡ್ಡಗಳ ಮಂಜು, ಬಿಸಿಲು, ಮಳೆ ಹಿಡಿದಿಟ್ಟ ಅವರ ಜಲವರ್ಣಗಳ ಮುಂದೆ ನಿಂತ್ರೆ ಇಷ್ಟು ಸಣ್ಣ ಕಾಗದದಲ್ಲಿ ಇಷ್ಟು ಗಾಳಿ ಹೇಗೆ ಬಂತು ಅಂತ ಆಶ್ಚರ್ಯ ಆಗುತ್ತೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿನೇ ಇದೆ. ಅವರ ಕೆಲಸ ಎಲ್ಲಕ್ಕಿಂತ ಬೇಗ ಬೆಳಕಿಗೆ ಸೋಲೋ ಜಾತಿದು. ಹಾಗಂತ ಮುಚ್ಚಿಟ್ರೆ ಜನ ನೋಡೋದು ಯಾವಾಗ? ಡಿಜಿಟಲ್ ನಿಜವಾಗಿ ಬೇಕಾಗಿರೋದು ಇಂಥ ಕಡೆ. ಬಣ್ಣದ ಪಟ್ಟಿ ಪಕ್ಕದಲ್ಲಿಟ್ಟು, ಬಣ್ಣ ಸರಿಯಾಗಿ ಅಳೆದು, ದೊಡ್ಡ ರೆಸಲ್ಯೂಷನ್‌ನಲ್ಲಿ ಒಂದೇ ಸಲ ಫೋಟೋ ತೆಗೆದ್ರೆ ಇವತ್ತಿನ ಬಣ್ಣ ಇಂತಿಷ್ಟು ಅನ್ನೋ ದಾಖಲೆ ಸಿಗುತ್ತೆ, ಇಪ್ಪತ್ತು ವರ್ಷ ಆದ್ಮೇಲೆ ಮತ್ತೆ ಅದೇ ಥರ ತೆಗೆದು ಹೋಲಿಸಿದ್ರೆ ಮಾಸಿದ್ಯಾ ಇಲ್ವಾ ಗೊತ್ತಾಗುತ್ತೆ, ಮೂಲ ಚಿತ್ರ ವಿಶ್ರಾಂತಿಯಲ್ಲಿರೋ ತಿಂಗಳುಗಳಲ್ಲಿ ಅದರ ಒಳ್ಳೆ ಪ್ರತಿ ಗೋಡೆ ಮೇಲಿರಬಹುದು, "ಇದು ಪ್ರತಿ, ಮೂಲ ಇಂಥ ತಿಂಗಳಿಂದ ನೋಡಬಹುದು" ಅಂತ ಕೆಳಗೆ ಬರೆದ್ರೆ ಆಯ್ತು. ಇನ್ನೊಂದು ವಿಷಯ, ವೆಂಕಟಪ್ಪ ತೀರಿಕೊಂಡಿದ್ದು 1965ರಲ್ಲಿ, ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಲಾವಿದರು ಹೋದ ಮೇಲೆ 60 ವರ್ಷ ಹಕ್ಕು ಇರುತ್ತೆ, ಆ ಲೆಕ್ಕದಲ್ಲಿ 2025ರ ಡಿಸೆಂಬರ್ 31ಕ್ಕೆ ಅವಧಿ ಮುಗಿಯುತ್ತೆ. ಅಂದ್ರೆ ಅವರ ಚಿತ್ರಗಳ ಒಳ್ಳೆ ಫೋಟೋನ ಪಠ್ಯಪುಸ್ತಕಕ್ಕೆ, ಶಾಲೆ ಗೋಡೆಗೆ, ವಿಕಿಪೀಡಿಯಾಗೆ ಹಾಕೋಕೆ ಕಾಪಿರೈಟ್ ಅಡ್ಡ ಬರಲ್ಲ. ಒಳ್ಳೆ ಫೋಟೋ ಒಂದು ಕೈಗೆ ಸಿಗ್ಬೇಕು ಅಷ್ಟೇ.

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ ಇದನ್ನ ಎಷ್ಟು ದೂರ ಒಯ್ದಿದೆ ನೋಡಿ. ಡಚ್ ಚಿತ್ರಕಾರ ರೆಂಬ್ರಾಂಟ್‌ನ ನೈಟ್ ವಾಚ್ ಚಿತ್ರವನ್ನ 8,439 ಫೋಟೋಗಳಾಗಿ ತೆಗೆದು ಜೋಡಿಸಿ 717 ಗಿಗಾಪಿಕ್ಸೆಲ್‌ನ (ಒಂದು ಗಿಗಾಪಿಕ್ಸೆಲ್ ಅಂದ್ರೆ ನೂರು ಕೋಟಿ ಚುಕ್ಕಿ) ಒಂದೇ ಚಿತ್ರ ಮಾಡಿ 2022ರ ಜನವರಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ರು. ಮಾಡಿದ್ದು ಮೊದಲನೇದಾಗಿ ಚಿತ್ರದ ಆರೋಗ್ಯ ನೋಡೋಕೆ, ಬಿರುಕು ಎಲ್ಲಿದೆ, ಬಣ್ಣ ಎಲ್ಲಿ ಏಳ್ತಾ ಇದೆ ಅಂತ. ಜನ ನೋಡಿ ಬೆರಗಾದದ್ದು ಅದರ ಜೊತೆಗೆ ಬಂದ ಫಲ. ಈ ಕ್ರಮನೇ ನನಗೆ ಸರಿ ಅನ್ಸೋದು, ಕಾಪಾಡೋಕೆ ಮಾಡಿದ ಕೆಲಸವೇ ತೋರಿಸೋಕೂ ಆಗ್ಬೇಕು.

ನಮ್ಮಲ್ಲಿ ಈ ಕ್ರಮದಲ್ಲೇ ನಡೀತಿರೋ ಕೆಲಸ ಇಲ್ವಾ ಅಂದ್ರೆ ಇದೆ, ಅದೂ ಬೆಂಗಳೂರಲ್ಲೇ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, 1909ರಲ್ಲಿ ಶುರುವಾದ ಸಂಸ್ಥೆ, ಅವರು ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡ್ತಾ ಬಂದಿದ್ದಾರೆ. ಇದು ಯಾಕೆ ಮುಖ್ಯ ಅಂತ ತಿಳಿಬೇಕಂದ್ರೆ ಶಾಸನ ಓದೋದು ಎಷ್ಟು ಕಷ್ಟ ಅಂತ ಗೊತ್ತಿರ್ಬೇಕು. ಹಳೇ ಪದ್ಧತಿ ಪಡಿಯಚ್ಚು. ಕಲ್ಲನ್ನ ಚೆನ್ನಾಗಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಶ್‌ನಿಂದ ಬಡಿದು ಬಡಿದು ಅಕ್ಷರದ ಗುಳಿಯೊಳಗೆ ಕಾಗದ ಕೂರೋ ಹಾಗೆ ಮಾಡಿ, ಮೇಲೆ ಮಸಿ ಹಚ್ಚಿದ್ರೆ ಗುಳಿ ಬೆಳ್ಳಗೆ ಉಳಿದು ಅಕ್ಷರ ಕಾಣುತ್ತೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ ಬೆಂಗಳೂರು ಜಿಲ್ಲೆ ಸಂಪುಟ 1905ರಲ್ಲಿ ಬಂತು. ಆ ತಲೆಮಾರಿನವರು ಊರೂರು ತಿರುಗಿ ಮಾಡಿದ ಕೆಲಸಕ್ಕೆ ನಾವು ಎಷ್ಟು ಋಣಿಯಾಗಿದ್ರೂ ಸಾಲದು. ಆದ್ರೆ ಕಲ್ಲು ಸವೆದು ಹೋಗಿದ್ರೆ, ಸುಣ್ಣ ಬಳಿದಿದ್ರೆ, ಮೇಲೆ ಎಣ್ಣೆ ಕುಂಕುಮ ಮೆತ್ತಿದ್ರೆ ಪಡಿಯಚ್ಚಲ್ಲಿ ಅಕ್ಷರ ಕೂರಲ್ಲ.

3ಡಿ ಸ್ಕ್ಯಾನರ್ ಏನು ಮಾಡುತ್ತೆ ಅಂದ್ರೆ ಕಲ್ಲಿನ ಮೇಲೆ ಗೆರೆಗೆರೆಯ ಬೆಳಕಿನ ವಿನ್ಯಾಸ ಬಿಟ್ಟು, ಆ ಗೆರೆ ಎಲ್ಲೆಲ್ಲಿ ಬಾಗುತ್ತೆ ಅನ್ನೋದ್ರಿಂದ ಮೇಲ್ಮೈ ಏರಿಳಿತ ಲೆಕ್ಕ ಹಾಕುತ್ತೆ. ದುಬಾರಿ ಸ್ಕ್ಯಾನರ್ ಇಲ್ದೇ ಇದ್ರೆ ಫೋಟೋಗ್ರಾಮೆಟ್ರಿ ಇದೆ, ಒಂದೇ ಕಲ್ಲಿನ ಹತ್ತಾರು ನೂರಾರು ಫೋಟೋ, ಒಂದು ಫೋಟೋದ ಅರ್ಧಕ್ಕಿಂತ ಹೆಚ್ಚು ಭಾಗ ಪಕ್ಕದ ಫೋಟೋದಲ್ಲೂ ಬರೋ ಹಾಗೆ ತೆಗೆದ್ರೆ ಸಾಫ್ಟ್‌ವೇರ್ ಅದರಿಂದ 3ಡಿ ಮಾಡಿಕೊಡುತ್ತೆ, ಒಳ್ಳೆ ಫೋನ್ ಕ್ಯಾಮೆರಾದಲ್ಲೂ ತಕ್ಕಮಟ್ಟಿಗೆ ಬರುತ್ತೆ. ಮೂರನೇದು ಆರ್‌ಟಿಐ ಅನ್ನೋ ವಿಧಾನ, ಮಾಹಿತಿ ಹಕ್ಕಲ್ಲ, ಕ್ಯಾಮೆರಾ ಕದಲದೆ ಬೆಳಕನ್ನ ಮಾತ್ರ ಬೇರೆಬೇರೆ ದಿಕ್ಕಿಂದ ಬಿಟ್ಟು ಫೋಟೋ ತೆಗೆಯೋದು, 2001ರಲ್ಲಿ ಎಚ್‌ಪಿ ಲ್ಯಾಬ್ಸ್‌ನಲ್ಲಿ ಟಾಮ್ ಮಾಲ್ಜ್‌ಬೆಂಡರ್ ತಂಡ ರೂಪಿಸಿದ ತಂತ್ರದಿಂದ ಬೆಳೆದದ್ದು. ಈ ಮೂರರಲ್ಲಿ ಯಾವುದಾದ್ರೂ ಸರಿ, ಆಮೇಲೆ ಕಂಪ್ಯೂಟರಲ್ಲಿ ಕಲ್ಲಿನ ಬಣ್ಣ, ಕಲೆ, ಕುಂಕುಮ ಎಲ್ಲ ತೆಗೆದುಹಾಕಿ ಬರೀ ಆಳ ಮಾತ್ರ ಉಳಿಸ್ಕೊಂಡು, ಓರೆ ಬೆಳಕನ್ನ ಬೇಕಾದ ಕಡೆಯಿಂದ ಬಿಟ್ರೆ, ಬರಿಗಣ್ಣಿಗೆ ಬೋಳು ಕಲ್ಲಾಗಿ ಕಂಡದ್ದು ಅಕ್ಷರ ಅಕ್ಷರವಾಗಿ ಎದ್ದು ನಿಲ್ಲುತ್ತೆ.

ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಸಿಕ್ತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಇವತ್ತು ಫ್ಲೈಓವರ್ ಟ್ರಾಫಿಕ್‌ಗೆ ಹೆಸರಾದ ಹೆಬ್ಬಾಳದಲ್ಲಿ 1,200ಕ್ಕೂ ಹೆಚ್ಚು ವರ್ಷಗಳ ಹಿಂದೆ ಊರಿಗಾಗಿ ಹೋರಾಡಿ ಸತ್ತವನ ಹೆಸರು ಕಲ್ಲಿನ ಮೇಲಿದೆ, ಅದನ್ನ ಸ್ಥಳೀಯರು ಆಸಕ್ತರು ಸೇರಿ ಉಳಿಸಿಕೊಂಡ್ರು, ಅದರ ಸ್ಕ್ಯಾನ್ ಆಯ್ತು. ಇಂಥ ಸ್ಕ್ಯಾನ್‌ಗಳಿಂದ ಒಂದೊಂದು ಶತಮಾನದ ಅಕ್ಷರ ಹೇಗಿತ್ತು ಅಂತ ಬಿಡಿಬಿಡಿಯಾಗಿ ತೋರಿಸೋ ಅಕ್ಷರ ಭಂಡಾರ ಅನ್ನೋ ಸಾಫ್ಟ್‌ವೇರ್ ಕೂಡ ಮಿಥಿಕ್ ಸೊಸೈಟಿ ಮಾಡಿದೆ. ಒಬ್ಬ ಕ್ಯುರೇಟರ್ ಕಣ್ಣಲ್ಲಿ ನೋಡಿದ್ರೆ ಇದು ಚಿನ್ನ. ಶಾಸನವನ್ನ ಅದಿದ್ದ ಊರಿಂದ ಕಿತ್ತು ತರೋದು ಬೇಡ, ಅದು ಅಲ್ಲೇ ಇರ್ಲಿ, ಊರಿನ ಹೆಮ್ಮೆ ಅದು. ಪ್ರದರ್ಶನದಲ್ಲಿ 3ಡಿ ಮಾದರಿ ಇಡಿ, ನೋಡೋರು ಬೆರಳಲ್ಲಿ ಬೆಳಕು ತಿರುಗಿಸಿ ತಾವೇ ಅಕ್ಷರ ಹುಡುಕ್ಲಿ, ಕಣ್ಣು ಕಾಣದವರು ಮುಟ್ಟಿ ಓದೋ ಹಾಗೆ 3ಡಿ ಪ್ರಿಂಟ್ ಇಡಿ. ಕಲ್ಲನ್ನ ಮುಟ್ಟಬೇಡಿ ಅನ್ನೋ ಬೋರ್ಡ್ ಪಕ್ಕದಲ್ಲಿ ಮುಟ್ಟಿ ಅನ್ನೋ ಬೋರ್ಡ್ ಇರಬಹುದಾದ್ರೆ ಅದಕ್ಕಿಂತ ಒಳ್ಳೆ ಡಿಜಿಟಲ್ ಬೇಕಾ?

ಅಕ್ಷರದ ಮಾತು ಬಂತಲ್ಲ, ಇನ್ನೊಂದು ಕಾಣದ ಕೆಲಸ ಯೂನಿಕೋಡ್, ಅಂದ್ರೆ ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಜಗತ್ತೆಲ್ಲ ಒಪ್ಪಿದ ಒಂದು ಸಂಖ್ಯೆ ಕೊಡೋ ವ್ಯವಸ್ಥೆ. ಹಳಗನ್ನಡದ ಪಾಠ ಹಾಕ್ಬೇಕಂದ್ರೆ ಱ, ೞ ಟೈಪ್ ಆಗ್ಬೇಕು, ಅವು ಮೊದಲಿಂದ ಇವೆ. ಸ್ವರ ಇಲ್ಲದ ನಕಾರಕ್ಕೆ ಹಳಬರು ಬರೀತಿದ್ದ ನಕಾರಪೊಲ್ಲು ಬಂದದ್ದು 2021ರ ಯೂನಿಕೋಡ್ 14ರಲ್ಲಿ. ತುಳು-ತಿಗಳಾರಿ ಲಿಪಿ ಸೇರಿದ್ದು ತೀರಾ ಇತ್ತೀಚೆಗೆ, 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16ರಲ್ಲಿ. ಅಲ್ಲಿ ತನಕ ತಿಗಳಾರಿ ಓಲೆಗರಿ ಪಾಠವನ್ನ ಅದೇ ಲಿಪಿಯಲ್ಲಿ, ಹುಡುಕೋಕೆ ಬರೋ ಹಾಗೆ ಹಾಕೋಕೆ ಒಂದು ಸರ್ವಸಮ್ಮತ ದಾರಿನೇ ಇರಲಿಲ್ಲ, ಫೋಟೋ ಹಾಕಿ ಸುಮ್ಮನಾಗ್ಬೇಕಿತ್ತು. ಕರಾವಳಿಯ ಮಠಗಳಲ್ಲಿ ಮನೆಗಳಲ್ಲಿ ಇರೋ ಆ ಗ್ರಂಥಗಳನ್ನ ಮುಂದೆ ಯಾರಾದ್ರೂ ಪ್ರದರ್ಶನ ಮಾಡಿದ್ರೆ ಈ ಕೆಲಸ ಮಾಡಿದವರನ್ನ ನೆನೆಸ್ಕೋಬೇಕು.

ಹಾಗಾದ್ರೆ ದೊಡ್ಡ ಪರದೆ, ವಿಆರ್ ಎಲ್ಲ ದಂಡನಾ ಅಂತ ಕೇಳಬಹುದು. ಅಲ್ಲ. ಹಂಪಿನೇ ನೋಡಿ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಮಾಡಿದ ಪ್ಲೇಸ್-ಹಂಪಿ ಅನ್ನೋ ಕೃತಿ 2006ರಲ್ಲಿ ಫ್ರಾನ್ಸ್‌ನ ಲೀಲ್‌ನಲ್ಲಿ ಮೊದಲು ಪ್ರದರ್ಶನ ಆಯ್ತು. ದುಂಡನೆ ಪರದೆ ಮಧ್ಯೆ ತಿರುಗೋ ವೇದಿಕೆ, ಅದರ ಮೇಲೆ ನಿಂತವರು ತಾವೇ ಅದನ್ನ ತಿರುಗಿಸ್ತಾ ಹಂಪಿಯ ಬೇರೆಬೇರೆ ಜಾಗಕ್ಕೆ ಹೋಗಬಹುದು, ಸುತ್ತ 360 ಡಿಗ್ರಿ 3ಡಿ ಫೋಟೋ, ಫೋಟೋ ತೆಗೆದವರು ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್. ಅದು ಆಮೇಲೆ ಹಂಪಿ ಪಕ್ಕಕ್ಕೇ ಬಂತು, ತೋರಣಗಲ್ಲಿನ ವಿದ್ಯಾನಗರದ ಕಲಾಧಾಮಕ್ಕೆ. ಇದು ಗಟ್ಟಿಯಾಗಿರೋದು ಯಾಕೆ ಅಂದ್ರೆ ಅದರ ಹಿಂದೆ ದಶಕಗಳ ದಾಖಲೆ ಕೆಲಸ ಇದೆ. ಗೋಲಿಂಗ್ಸ್ 1980ರ ದಶಕದಿಂದ ಹಂಪಿ ಫೋಟೋ ತೆಗೀತಾ ಇದ್ದವರು, ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಸೇನಾಧಿಕಾರಿ 1856ರಲ್ಲಿ ಮೇಣದ ಕಾಗದದ ನೆಗೆಟಿವ್ ಬಳಸಿ ತೆಗೆದಿದ್ದ ಹಂಪಿ ಫೋಟೋಗಳನ್ನ ಹಿಡ್ಕೊಂಡು ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದವರು. ನೂರಮೂವತ್ತು ವರ್ಷದ ಅಂತರದ ಎರಡು ಫೋಟೋ ಒಂದರ ಮೇಲೊಂದು ಇಟ್ಟು ಬೆರಳಲ್ಲಿ ಸರಿಸಿದ್ರೆ ಯಾವ ಗೋಪುರ ಬಿತ್ತು, ಯಾವ ಕಂಬ ಎಲ್ಲಿ ಹೋಯ್ತು ಅಂತ ಕಣ್ಣಿಗೆ ಕಾಣುತ್ತೆ. ತೀರಾ ಸರಳವಾದ ಸ್ಲೈಡರ್, ಆದ್ರೆ ಒಂದು ಗಂಟೆ ಭಾಷಣ ಹೇಳದ್ದನ್ನ ಹೇಳುತ್ತೆ.

ಇದೇ ಹಂಪಿಯಲ್ಲಿ ಅಪಾಯನೂ ಇದೆ. ಅರಮನೆ ಆವರಣದಲ್ಲಿ ಈಗ ಉಳಿದಿರೋದು ಬಹುಪಾಲು ಕಲ್ಲಿನ ಜಗತಿಗಳು, ಮೇಲಿದ್ದ ಮರದ ಕಟ್ಟಡ ಹೋಗಿದೆ. ಎಷ್ಟು ಮಹಡಿ ಇತ್ತು, ಚಾವಣಿ ಹೇಗಿತ್ತು, ಕಂಬಕ್ಕೆ ಏನು ಬಣ್ಣ, ಇದನ್ನ ವಿದೇಶಿ ಪ್ರವಾಸಿಗರ ಬರಹ, ಶಿಲ್ಪ, ಉತ್ಖನನ ಇವುಗಳಿಂದ ಊಹಿಸ್ಬೇಕು. ವಿಆರ್ ಹೆಡ್‌ಸೆಟ್ ಒಳಗೆ ಊಹೆಗೂ ಪುರಾವೆಗೂ ವ್ಯತ್ಯಾಸ ಕಾಣಲ್ಲ, ಎರಡೂ ಒಂದೇ ಥರ ಮಿಂಚುತ್ತೆ, ನೋಡಿದ ಹುಡುಗ ಹಂಪಿ ಹೀಗೇ ಇತ್ತು ಅಂತ ಮನಸ್ಸಲ್ಲಿ ಇಟ್ಕೊಂಡು ಹೋಗ್ತಾನೆ. ಇದಕ್ಕೆ ಉತ್ತರವಾಗಿ 2006ರಲ್ಲೇ ಲಂಡನ್ ಚಾರ್ಟರ್ ಅಂತ ಒಂದು ಒಪ್ಪಂದದ ಪಾಠ ಬಂತು, ಕಂಪ್ಯೂಟರ್‌ನಲ್ಲಿ ಪರಂಪರೆನ ಮರುರೂಪಿಸೋರು ಯಾವುದು ಸಾಕ್ಷ್ಯ ಯಾವುದು ಊಹೆ ಅಂತ ನೋಡೋರಿಗೆ ತಿಳಿಯೋ ಹಾಗೆ ದಾಖಲಿಸ್ಬೇಕು ಅಂತ ಅದು ಹೇಳುತ್ತೆ. ಮಾಡೋದು ಕಷ್ಟ ಇಲ್ಲ, ಉಳಿದಿರೋ ಕಲ್ಲಿಗೆ ನಿಜ ಬಣ್ಣ, ಊಹಿಸಿದ ಮರಕ್ಕೆ ಮಸುಕು ಬಣ್ಣ, ಅಥವಾ ಒಂದು ಬಟನ್ ಒತ್ತಿದ್ರೆ ಊಹೆಯೆಲ್ಲ ಮಾಯ ಆಗೋ ಹಾಗೆ. ಟೆಂಡರ್ ಕರೆಯುವಾಗ ಈ ಒಂದು ಷರತ್ತು ಸೇರಿಸಿದ್ರೆ ಸಾಕು.

ಈಗ ರಿಜಿಸ್ಟರ್ ವಿಷಯ, ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಿರೋದು ಇದು. 2023ರ ಆಗಸ್ಟ್‌ನಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು 2,000 ವಸ್ತು ಕಳುವಾಗಿದೆ, ಇಲ್ಲಾ ಹಾಳಾಗಿದೆ ಅಂತ ಬಯಲಾಯ್ತು, ಸಣ್ಣ ಸಣ್ಣ ಹರಳು, ಆಭರಣ ಅಂಥವು, ಅದ್ರಲ್ಲಿ ಎಷ್ಟೋ ಸರಿಯಾಗಿ ಪಟ್ಟಿನೇ ಆಗಿರಲಿಲ್ಲ. ಪಟ್ಟಿಯಲ್ಲೇ ಇಲ್ಲದ ವಸ್ತು ಕಳುವಾದ್ರೆ ಕಳುವಾಯ್ತು ಅಂತ ಸಾಬೀತು ಮಾಡೋದು ಹೇಗೆ? ಅದಾದ ಮೇಲೆ ಅಕ್ಟೋಬರ್‌ನಲ್ಲಿ ಅವರು ಇಡೀ ಸಂಗ್ರಹವನ್ನ ಐದು ವರ್ಷದಲ್ಲಿ ಡಿಜಿಟಲ್ ಮಾಡ್ತೀವಿ ಅಂದ್ರು. ಅಷ್ಟು ಶ್ರೀಮಂತ ಮ್ಯೂಸಿಯಂ ಕಥೆ ಇದು. ನಮ್ಮಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ 2013ರ ವರದಿ ಕೇಂದ್ರದ ರಕ್ಷಿತ ಸ್ಮಾರಕಗಳಲ್ಲಿ 92 ಪತ್ತೇನೇ ಇಲ್ಲ ಅಂದಿತ್ತು. ಇಡೀ ಸ್ಮಾರಕಗಳೇ ಹೀಗಾದ್ರೆ ಪೆಟ್ಟಿಗೆ ಒಳಗಿನ ಓಲೆಗರಿ ಕಥೆ ಏನು. 2016ರ ಏಪ್ರಿಲ್‌ನಲ್ಲಿ ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಮ್ಯೂಸಿಯಂ ಬೆಂಕಿಗೆ ಆಹುತಿ ಆಯ್ತು, 2018ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ನ್ಯಾಷನಲ್ ಮ್ಯೂಸಿಯಂ. ರಾತ್ರಿ ಬೆಳಗಾಗೋದ್ರೊಳಗೆ ಹೋದ ಸಂಗ್ರಹಕ್ಕೆ ಉಳಿಯೋದು ಮೊದಲೇ ಮಾಡಿಟ್ಟ ದಾಖಲೆ ಮಾತ್ರ.

ಕೇಂದ್ರ ಸರ್ಕಾರ ತನ್ನದೇ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಪುಣೆ ಮಾಡಿದ ಜತನ್ ಅನ್ನೋ ಸಾಫ್ಟ್‌ವೇರ್ ಬಳಸಿ ದೊಡ್ಡ ಮ್ಯೂಸಿಯಂಗಳ ಸಂಗ್ರಹಗಳನ್ನ ಒಂದು ಪೋರ್ಟಲ್‌ಗೆ ತಂದಿದೆ. 2025ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಮಿಷನ್ ಅಂತ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ ಗುರಿ ಇಟ್ಟಿದ್ದಾರೆ. ಒಳ್ಳೇ ಹೆಜ್ಜೆಗಳು. 1905ರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು ಮೈಸೂರಿನ ಗ್ರಂಥಾಲಯದಲ್ಲಿ, ಈಗ ಅದು ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್. ಬಂದಿದ್ದ ಕಟ್ಟನ್ನ ಒಬ್ಬರು ಬಿಚ್ಚಿ ಓದಿ ಪಟ್ಟಿ ಮಾಡಿದ್ದಕ್ಕೆ ಜಗತ್ತಿಗೆ ಒಂದು ಗ್ರಂಥ ಸಿಕ್ತು, ಪಟ್ಟಿ ಮಾಡೋ ಕೆಲಸದ ಬೆಲೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರಲ್ಲ.

ಆದ್ರೆ ಪಟ್ಟಿ ಯಾವ ಭಾಷೆಯಲ್ಲಿ ಅನ್ನೋದು ದೊಡ್ಡ ಪ್ರಶ್ನೆ. ಜಾನಪದ ವಸ್ತುಗಳಲ್ಲಿ ಇದು ಎದ್ದು ಕಾಣುತ್ತೆ. ಮೈಸೂರು ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿರೋ ಜಾನಪದ ಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ, ಇಲ್ಲೆಲ್ಲ ಇರೋದು ಹಳ್ಳಿ ಮನೆಗಳಿಂದ ಬಂದ ಸಾಮಾನು. ಡೇಟಾಬೇಸ್‌ನಲ್ಲಿ ಇಂಗ್ಲಿಷ್‌ನಲ್ಲಿ ಮರದ ಪಾತ್ರೆ, ಅಳತೆ ಇಷ್ಟು, ಅಂತ ಬರೆದು ಮುಗಿಸಿದ್ರೆ ಕೊಳಗ, ಬಳ್ಳ, ಸೇರು, ಪಾವು, ಚಟಾಕು ಎಲ್ಲ ಒಂದೇ ಆಗೋಗುತ್ತೆ. ಅದನ್ನ ಬಳಸಿದ ಅಜ್ಜಿ ಅದಕ್ಕೆ ಏನಂತಿದ್ರು, ಯಾವ ತಾಲ್ಲೂಕು, ಯಾವಾಗ ಬಳಸ್ತಿದ್ರು, ಯಾರು ಮಾಡ್ತಿದ್ರು, ಇದು ಕೇಳೋಕೆ ಆಗ ಇದ್ದವರು ಈಗ ಕಡಿಮೆಯಾಗ್ತಿದ್ದಾರೆ. ಒಂದು ಫೋನ್, ಒಂದು ಮೈಕ್, ಅವರದೇ ದನಿಯಲ್ಲಿ ಎರಡು ನಿಮಿಷದ ರೆಕಾರ್ಡಿಂಗ್, ಅದನ್ನ ವಸ್ತುವಿನ ನಂಬರ್‌ಗೆ ಸೇರಿಸಿಡೋದು, ಇದಕ್ಕೆ ಕೋಟಿ ಬೇಡ. ಒಮೆಕಾ, ಕಲೆಕ್ಟಿವ್‌ಆಕ್ಸೆಸ್ ಥರದ ಸಾಫ್ಟ್‌ವೇರ್‌ಗಳು ಪುಕ್ಕಟೆ ಸಿಗುತ್ತೆ, ಅವಕ್ಕೆ ಕನ್ನಡದಲ್ಲೇ ಮಾಹಿತಿ ತುಂಬಬಹುದು. ನಾಳೆ ಪ್ರದರ್ಶನ ಮಾಡುವಾಗ ಲೇಬಲ್ ಬರೆಯೋಕೆ ಕ್ಯುರೇಟರ್ ಕೂತ್ರೆ ಅವರ ಕೈಗೆ ಸಿಗೋದು ಈ ಮಾಹಿತಿನೇ, ಅದು ಬಡವಾಗಿದ್ರೆ ಎಷ್ಟು ದೊಡ್ಡ ಪರದೆ ಹಾಕಿದ್ರೂ ಹೇಳೋಕೆ ಏನೂ ಇರಲ್ಲ.

ಬೆಂಗಳೂರಿನ ಮ್ಯಾಪ್, ಅಂದ್ರೆ ಮ್ಯೂಸಿಯಂ ಆಫ್ ಆರ್ಟ್ ಆಂಡ್ ಫೋಟೋಗ್ರಫಿ, ಈ ದಾರಿನ ಒಂದು ಮಟ್ಟಿಗೆ ತೋರಿಸಿದೆ. ಕೋವಿಡ್‌ನಲ್ಲಿ ಕಟ್ಟಡ ತೆರೆಯೋಕೆ ಆಗ್ದೇ ಇದ್ದಾಗ 2020ರ ಡಿಸೆಂಬರ್‌ನಲ್ಲಿ ಆನ್‌ಲೈನ್‌ನಲ್ಲೇ ಶುರು ಮಾಡಿದ್ರು, ಕಸ್ತೂರಬಾ ರಸ್ತೆಯ ಕಟ್ಟಡ ತೆರೆದದ್ದು 2023ರ ಫೆಬ್ರವರಿಯಲ್ಲಿ. ಅಷ್ಟರೊಳಗೆ 2022ರಲ್ಲಿ ಮ್ಯಾಪ್ ಅಕಾಡೆಮಿ ಅಂತ ಭಾರತೀಯ ಕಲೆಯ ಆನ್‌ಲೈನ್ ವಿಶ್ವಕೋಶನೂ ಬಂತು, ಯಾರು ಬೇಕಾದ್ರೂ ಓದಬಹುದು. ಅದೇ ಮ್ಯಾಪ್ ಆಕ್ಸೆಂಚರ್ ಕಂಪನಿ ಜೊತೆ ಸೇರಿ ಚಿತ್ರಕಾರ ಎಂ.ಎಫ್. ಹುಸೇನ್ ಅವರ ಮಾತಾಡೋ ಡಿಜಿಟಲ್ ರೂಪ ಮಾಡಿದೆ, ಅಮೆರಿಕದ ಫ್ಲೋರಿಡಾದಲ್ಲಿ ಡಾಲಿ ಮ್ಯೂಸಿಯಂ 2019ರಲ್ಲಿ ಚಿತ್ರಕಾರ ಡಾಲಿಯನ್ನ ಹೀಗೇ ಮಾತಾಡಿಸಿತ್ತು. ಇದ್ರ ಬಗ್ಗೆ ನನಗೆ ಸಮಾಧಾನ ಇಲ್ಲ. ಹುಸೇನ್ 2011ರಲ್ಲಿ ಲಂಡನ್‌ನಲ್ಲಿ ತೀರಿಕೊಂಡ್ರು, ಜೀವನದ ಕೊನೆ ವರ್ಷಗಳನ್ನ ದೇಶದ ಹೊರಗೇ ಕಳೆದವರು, ಅಂಥವರ ಮುಖ ದನಿ ಹಾಕಿ ಉತ್ತರ ಕೊಡಿಸುವಾಗ ಅವರು ಹೇಳಿದ್ದು ಯಾವುದು, ನಾವು ಅವರ ಬಾಯಲ್ಲಿ ಹೇಳಿಸ್ತಿರೋದು ಯಾವುದು ಅನ್ನೋ ಗೆರೆ ಬಹಳ ಸೂಕ್ಷ್ಮ. ಅವರ ನಿಜವಾದ ಸಂದರ್ಶನದ ತುಣುಕು ಹಾಕಿದ್ರೆ ಸಾಲದೇ ಅನ್ಸುತ್ತೆ.

ಎಐ ಕ್ಯುರೇಟರ್ ಆಗುತ್ತಾ ಅನ್ನೋದಕ್ಕೂ ಒಂದು ಪ್ರಯೋಗ ನಡೆದಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ನ್ಯಾಷರ್ ಮ್ಯೂಸಿಯಂ 2023ರಲ್ಲಿ ತನ್ನ ಸಂಗ್ರಹದಿಂದ ಪ್ರದರ್ಶನ ಕಟ್ಟೋಕೆ ಚಾಟ್‌ಜಿಪಿಟಿಗೇ ಬಿಡ್ತು, ಥೀಮ್, ಕೃತಿಗಳ ಆಯ್ಕೆ, ಬರಹ ಎಲ್ಲ. ಕೆಲವು ವಸ್ತುಗಳ ವಿವರವನ್ನ ಅದು ತಪ್ಪಾಗಿ ಹೇಳ್ತು. ನನ್ನ ಅಭಿಪ್ರಾಯ, ಪಟ್ಟಿಯ ಹೆಸರುಗಳನ್ನ ಕನ್ನಡ ಇಂಗ್ಲಿಷ್ ಎರಡರಲ್ಲೂ ಹೊಂದಿಸೋದು, ಒಂದೇ ಊರನ್ನ ನಾಲ್ಕು ಸ್ಪೆಲ್ಲಿಂಗ್‌ನಲ್ಲಿ ಬರೆದಿದ್ರೆ ಗುರುತು ಹಿಡಿಯೋದು, ಸ್ಕ್ಯಾನ್ ಆದ ಪುಸ್ತಕದಿಂದ ಪಠ್ಯ ತೆಗೆಯೋದು ಇಂಥ ಕೆಲಸಕ್ಕೆ ಎಐ ಚೆನ್ನಾಗಿ ದುಡಿಸ್ಕೋಬಹುದು, ಆದ್ರೆ ಅದು ಬರೆದ ಪ್ರತಿ ಸಾಲನ್ನೂ ವಿಷಯ ಬಲ್ಲ ಒಬ್ಬ ಮನುಷ್ಯ ಓದಿ ಸಹಿ ಹಾಕದೆ ಗೋಡೆಗೆ ಅಂಟಿಸಬಾರದು. ಶಾಸನ, ಹಸ್ತಪ್ರತಿ ವಿಷಯದಲ್ಲಂತೂ ತಪ್ಪು ಓದು ಒಂದು ಸಲ ಇಂಟರ್ನೆಟ್ಟಿಗೆ ಹೋದ್ರೆ ಹಿಂದಕ್ಕೆ ತರೋಕೆ ಆಗಲ್ಲ.

ಎಲ್ಲವನ್ನೂ ಆನ್‌ಲೈನ್ ಹಾಕಿಬಿಡ್ಬೇಕಾ ಅಂದ್ರೆ ಅಲ್ಲೂ ವಿವೇಕ ಬೇಕು. ಅಮೆರಿಕದ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ, ಸ್ಮಿತ್‌ಸೋನಿಯನ್ ಸಂಸ್ಥೆ 2020ರಲ್ಲಿ ಲಕ್ಷಾಂತರ ಚಿತ್ರಗಳನ್ನ ಯಾರು ಬೇಕಾದ್ರೂ ಬಳಸಿ ಅಂತ ಬಿಟ್ಟುಕೊಟ್ರು, ಸಾರ್ವಜನಿಕ ದುಡ್ಡಲ್ಲಿ ನಡೆಯೋ ನಮ್ಮ ಸಂಸ್ಥೆಗಳೂ ಹಾಗೇ ಮಾಡ್ಬೇಕು ಅನ್ನೋದು ನನ್ನ ಗಟ್ಟಿ ನಿಲುವು. ಆದ್ರೆ ತುಳುನಾಡಿನ ದೈವದ ಮೊಗ, ಆಯುಧ, ದೈವದ ಕಥೆ ಹೇಳೋ ಹಾಡು ಪಾಡ್ದನದ ಕೆಲವು ಭಾಗ ಇವು ನಂಬೋರ ಪಾಲಿಗೆ ಇವತ್ತೂ ಜೀವಂತ, ಅವುಗಳ 3ಡಿ ಫೈಲ್ ಡೌನ್‌ಲೋಡಿಗೆ ಬಿಡೋ ಮುಂಚೆ ದೈವ ನಡೆಸಿಕೊಂಡು ಬರೋ ಗುತ್ತಿನ ಮನೆತನದವರನ್ನ, ದೈವ ಕಟ್ಟೋ ಸಮುದಾಯದವರನ್ನ ಕೇಳ್ಬೇಕು. ಆಸ್ಟ್ರೇಲಿಯಾದಲ್ಲಿ ವಾರುಮುಂಗು ಮೂಲನಿವಾಸಿಗಳ ಜೊತೆ ಸೇರಿ ಮುಕುರ್ತು ಅನ್ನೋ ಸಾಫ್ಟ್‌ವೇರ್ ಮಾಡಿದ್ದಾರೆ, ಯಾವ ಫೋಟೋ ಯಾರು ನೋಡಬಹುದು ಅನ್ನೋದನ್ನ ಸಮುದಾಯದ ಕಟ್ಟಳೆ ಪ್ರಕಾರನೇ ಅದು ನಡೆಸುತ್ತೆ, ಅದೂ ಪುಕ್ಕಟೆ ಸಾಫ್ಟ್‌ವೇರೇ. ನಮ್ಮ ಕರಾವಳಿಗೆ, ಸೋಲಿಗರಿಗೆ, ಸಿದ್ದಿಗಳಿಗೆ ಅಂಥ ವ್ಯವಸ್ಥೆ ಯಾಕೆ ಬೇಡ?

ಕೊನೆಗೆ ಉಳಿಯೋದು ನಡೆಸಿಕೊಂಡು ಹೋಗೋ ಖರ್ಚು. ವೆಬ್‌ಸೈಟ್‌ನಲ್ಲಿ ಅನಿಮೇಷನ್ ಓಡಿಸೋಕೆ ಬಳಸ್ತಿದ್ದ ಫ್ಲಾಶ್ ತಂತ್ರಜ್ಞಾನವನ್ನ ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ನಿಲ್ಲಿಸ್ತು, ಜಗತ್ತಿನಾದ್ಯಂತ ಮ್ಯೂಸಿಯಂಗಳು ಅದ್ರಲ್ಲಿ ಮಾಡಿದ್ದ ಎಷ್ಟೋ ವರ್ಚುವಲ್ ಟೂರ್‌ಗಳು ಅವತ್ತಿಗೆ ಸತ್ತವು. ಲೇಬಲ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಪೇಜ್ ಸಿಗಲ್ಲ ಅನ್ನೋದು ಎಲ್ಲರಿಗೂ ಗೊತ್ತಿರೋ ಅನುಭವ, ಡೊಮೇನ್ ರಿನ್ಯೂ ಮಾಡೋಕೆ ಯಾರೂ ಇರಲ್ಲ. ಹಾಗಾಗಿ ಟೆಂಡರ್‌ನಲ್ಲಿ ಬರೀ ಸ್ಕ್ಯಾನ್ ಮಾಡಿ ಕೊಡಿ ಅಂದ್ರೆ ಸಾಲದು. ಕಂಪನಿ ಹೋದ್ರೂ ತೆರೆಯೋಕೆ ಬರೋ ಫೈಲ್ ಬೇಕು, ಫೋಟೋಗೆ ಟಿಫ್, 3ಡಿಗೆ ಒಬಿಜೆ ಅಥವಾ ಜಿಎಲ್‌ಟಿಎಫ್ ಥರದ್ದು, ಮೂಲ ಕಚ್ಚಾ ಫೋಟೋಗಳು ಮ್ಯೂಸಿಯಂ ಕೈಯಲ್ಲೇ ಇರ್ಬೇಕು, ಮೂರು ಪ್ರತಿ, ಅದ್ರಲ್ಲಿ ಒಂದು ಬೇರೆ ಊರಲ್ಲಿ, ವರ್ಷಕ್ಕೊಂದ್ಸಲ ತೆರೆದು ನೋಡೋಕೆ ಒಬ್ಬ ಖಾಯಂ ಸಿಬ್ಬಂದಿ. ಆ ಸಿಬ್ಬಂದಿಯ ಸಂಬಳ ಪ್ರಾಜೆಕ್ಟ್‌ನ ಮೊದಲ ವರ್ಷದ ಬಜೆಟ್‌ನಲ್ಲೇ ಕಾಣ್ಬೇಕು, ಪ್ರೊಜೆಕ್ಟರ್‌ಗಿಂತ ಮೇಲಿನ ಸಾಲಲ್ಲಿ.